ಗುರ್ದಾ ಪಕ್ಕದ ಗೋಡಂಬಿ

ಮಾವನ ಪರ್ಮಿಟ್ ರೂಮಿನಲ್ಲಿ, ಅಂದರೆ ಬಾರಿನಲ್ಲಿ, ಸಂಜೆ ಏಳಾದ ಮೇಲೆ ಮೊದಲು ಖಾಲಿಯಾಗುತ್ತಿದ್ದ ಚಕ್ನಾ (ಕುಡಿತದ ಜೊತೆಯ ತಿಂಡಿ) ಎಂದರೆ ಗುರ್ದಾ-ಕಲೇಜಿ ಫ್ರೈ, ಆಡಿನ ಕಿಡ್ನಿ ಮತ್ತು ಲಿವರ್ ಹುರಿದದ್ದು. ಮುಂಬೈಯ ಸಯನ್ ಸ್ಟೇಷನ್ನಿನಿಂದ ಐದು ನಿಮಿಷದ ದಾರಿ, ಎಂಟು ಟೇಬಲ್, ಒಂದು ಗಲ್ಲಾ. ನಾನು ಕುಂದಾಪುರದ ಕಡೆಯಿಂದ ಬಂದು ಬಿ.ಎಸ್ಸಿ. ಓದುತ್ತಿದ್ದ ಕಾಲ. ಬೆಳಿಗ್ಗೆ ಕಾಲೇಜು, ಸಂಜೆ ಗಲ್ಲಾ. ಒಂದು ದಿನ ಅಡುಗೆಮನೆಯಲ್ಲಿ ಭಟ್ಟಿಯವನು ಆಡಿನ ಕಿಡ್ನಿಗೆ ಸುತ್ತಿಕೊಂಡಿದ್ದ ಕೊಬ್ಬನ್ನು ಕಿತ್ತು ಬುಟ್ಟಿಗೆ ಎಸೆಯುತ್ತಿದ್ದ. ಆ ಕೊಬ್ಬಿನೊಳಗೆ ಗೋಡಂಬಿಯಂಥ ಒಂದು ಕಂದು ತುಣುಕು ಕಂಡಿತು. ಅದೇ ವಾರ ಪ್ರಾಕ್ಟಿಕಲ್‌ನಲ್ಲಿ ಇಲಿ ಕೊಯ್ದು ನೋಡಿದ್ದೆ, ಹಾಗಾಗಿ ಗುರುತು ಸಿಕ್ಕಿತು. ಅಡ್ರಿನಲ್ ಗ್ರಂಥಿ.

ಹುಮ್ಮಸ್ಸಿನಲ್ಲಿ ಅದನ್ನು ತಟ್ಟೆಯಲ್ಲಿಟ್ಟು ಗಲ್ಲಾದ ಹತ್ತಿರ ಒಯ್ದೆ. "ಮಾವ, ಟೆನ್ಶನ್ ಆದಾಗ ಮೈಯಲ್ಲಿ ಕೆಲಸ ಮಾಡುವುದು ಇದೇ" ಅಂದೆ. ಮಾವ ಕನ್ನಡಕ ಏರಿಸಿ ನೋಡಿದರು. "ನಮ್ಮ ಗಿರಾಕಿಗಳು ಬರುದೇ ಟೆನ್ಶನ್ ಇಳಿಸ್ಲಿಕ್ಕೆ ಮಾರಾಯ. ಇದಕ್ಕೂ ಒಂದು ಕ್ವಾರ್ಟರ್ ಕೊಡು, ಸುಮ್ನೆ ಕೂತ್ಕೊಳ್ತದೆ" ಅಂದರು. ವೇಟರುಗಳೆಲ್ಲ ನಕ್ಕರು.

ಆಮೇಲೆ ಇದೇ ಮುಂಬೈಯಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದೆ. ಆ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ಎಲ್ಲರೂ ನಂಬುವ ಮಾತಲ್ವಾ ಅದು? ಆದರೆ ಪ್ರಾಣಿಗಳ ರಕ್ತ ತೆಗೆದು ಅಳೆದವರಿಗೆ ಸಿಕ್ಕಿದ್ದು ಇದರ ಉಲ್ಟಾ. ಮದ್ಯ ಹೊಟ್ಟೆಗೆ ಬಿದ್ದರೆ ಈ ಗೋಡಂಬಿ ಎದ್ದು ಕೂರುತ್ತದೆ. ಹುಲಿ ಕಂಡ ಜಿಂಕೆಯಲ್ಲಿ ಎದ್ದು ಕೂರುವ ಹಾಗೆಯೇ.

ಅದು ಹೇಗೆ ಅಂತ ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಬೆವರಿನ ಗ್ರಂಥಿಗೆ, ಜೊಲ್ಲಿನ ಗ್ರಂಥಿಗೆ ಒಂದೊಂದು ಕೊಳವೆ ಇದೆ. ತಯಾರಾದ ಮಾಲು ಆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಅಡ್ರಿನಲ್, ಥೈರಾಯ್ಡ್, ಪಿಟ್ಯುಟರಿಗಳಿಗೆ ಕೊಳವೆ ಇಲ್ಲ. ಅವು ತಮ್ಮ ಮಾಲನ್ನು ನೇರ ರಕ್ತಕ್ಕೆ ಬಿಡುತ್ತವೆ. ಅದಕ್ಕೇ ನಮ್ಮ ಪಠ್ಯಪುಸ್ತಕಗಳು ಇವನ್ನು ನಿರ್ನಾಳ ಗ್ರಂಥಿ ಎಂದು ಕರೆಯುತ್ತವೆ. ರಕ್ತಕ್ಕೆ ಬಿದ್ದ ಆ ಮಾಲಿಗೆ ಹಾರ್ಮೋನು ಎಂಬ ಹೆಸರು ಬಂದದ್ದು 1905ರಲ್ಲಿ. ಇಟ್ಟವನು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಇಂಗ್ಲಿಷ್ ವಿಜ್ಞಾನಿ. ಕೆರಳಿಸು, ಎಬ್ಬಿಸು ಎಂಬ ಅರ್ಥದ ಗ್ರೀಕ್ ಮಾತಿನಿಂದ ಅದನ್ನು ತೆಗೆದುಕೊಂಡ.

ನಮ್ಮ ಗೋಡಂಬಿ ಹೊರಗಿನಿಂದ ಒಂದು, ಒಳಗೆ ಎರಡು. ನಡುವೆ ಒಂದು ತಿರುಳು, ಸುತ್ತ ಒಂದು ತೊಗಟೆ. ತಿರುಳು ಅಡ್ರಿನಲಿನ್ ಬಿಡುತ್ತದೆ. ನರದ ತಂತಿ ನೇರ ಅಲ್ಲಿಗೇ ಬಂದಿರುವುದರಿಂದ ಸೆಕೆಂಡುಗಳಲ್ಲಿ ಕೆಲಸ ಆಗುತ್ತದೆ. ಎದೆ ಹೊಡೆದುಕೊಳ್ಳುವುದು, ಕೂದಲು ನಿಮಿರುವುದು, ಬಾಯಿ ಒಣಗುವುದು ಎಲ್ಲ ಈ ಹೊತ್ತಿನದು. ಜಪಾನಿನ ಜೋಕಿಚಿ ತಕಾಮಿನೆ ಮತ್ತು ಅವನ ಸಹಾಯಕ ಉಯೆನಾಕ ಸೇರಿ, ಕಸಾಯಿಖಾನೆಯಿಂದ ತಂದ ಗ್ರಂಥಿಗಳಿಂದ ಅಡ್ರಿನಲಿನ್ನನ್ನು ಶುದ್ಧ ಹರಳಾಗಿ ತೆಗೆದರು. 1901ರಲ್ಲಿ ಅದು ಜಗತ್ತಿಗೆ ಗೊತ್ತಾಯಿತು. ಹತ್ತು ವರ್ಷದ ನಂತರ ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಬೆಕ್ಕಿನ ಮುಂದೆ ನಾಯಿ ಬೊಗಳಿಸಿದ. ಹೆದರುವ ಮೊದಲಿನ ರಕ್ತ, ಹೆದರಿದ ಮೇಲಿನ ರಕ್ತ ಎರಡನ್ನೂ ತೆಗೆದ. ಹೆದರಿದ ಬೆಕ್ಕಿನ ರಕ್ತ ತಾಗಿಸಿದರೆ ಬೇರೆ ಇಟ್ಟಿದ್ದ ಕರುಳಿನ ತುಂಡು ಮಿಡಿಯುವುದನ್ನು ನಿಲ್ಲಿಸಿತು. ಹೆದರಿಕೆ ರಕ್ತದಲ್ಲಿ ಹರಿಯುವ ವಸ್ತು ಎಂದು ಕಣ್ಣಿಗೆ ಕಂಡದ್ದು ಹೀಗೆ.

ತೊಗಟೆಯ ಕತೆ ನಿಧಾನದ್ದು, ನಮಗೆ ಬೇಕಾದದ್ದೂ ಅದೇ. ಇದನ್ನು ಕ್ಲಾಸಿನಲ್ಲಿ ಹೇಳುವಾಗ ನಾನು ಹೋಟೆಲನ್ನೇ ಎಳೆದು ತರುತ್ತಿದ್ದೆ. ಗಲ್ಲಾದಲ್ಲಿ ಕೂತ ಮಾಲಕ ಬಾಯಿ ಬಿಡುವುದಿಲ್ಲ, ಹುಬ್ಬು ಏರಿಸುತ್ತಾನೆ. ಅದನ್ನು ನೋಡಿ ಕ್ಯಾಪ್ಟನ್ ಒಳಗೆ ಕೂಗುತ್ತಾನೆ. ಕೂಗು ಕೇಳಿ ಭಟ್ಟಿಯವನು ಬಾಣಲೆ ಇಡುತ್ತಾನೆ. ಮೆದುಳಿನ ಅಡಿಯಲ್ಲಿರುವ ಹೈಪೋಥಲಾಮಸ್ ಇಲ್ಲಿ ಮಾಲಕ. ಅದರ ಹುಬ್ಬಿನ ಸನ್ನೆಗೆ ಸಿಆರ್‌ಎಚ್ ಎಂದು ಹೆಸರು. ಅದರ ಕೆಳಗೆ ಜೋತುಬಿದ್ದ, ಬಟಾಣಿಯಷ್ಟು ದೊಡ್ಡ ಪಿಟ್ಯುಟರಿ ಕ್ಯಾಪ್ಟನ್. ಅದರ ಕೂಗು ಎಸಿಟಿಎಚ್. ಕೂಗು ರಕ್ತದಲ್ಲಿ ಹರಿದು ಅಡ್ರಿನಲ್ ತೊಗಟೆಗೆ ಮುಟ್ಟಿದರೆ ಕಾರ್ಟಿಸಾಲ್ ತಯಾರಾಗುತ್ತದೆ. ಮನುಷ್ಯ, ನಾಯಿ, ದನ, ಮೀನುಗಳಲ್ಲಿ ಮುಖ್ಯವಾಗಿ ಕಾರ್ಟಿಸಾಲ್. ಇಲಿ, ಹಕ್ಕಿ, ಹಲ್ಲಿಗಳಲ್ಲಿ ಅದರ ತಮ್ಮನಂತಿರುವ ಕಾರ್ಟಿಕೋಸ್ಟೆರೋನ್. ಕೆಲಸ ಹೆಚ್ಚುಕಡಿಮೆ ಒಂದೇ. ರಕ್ತದಲ್ಲಿ ಸಕ್ಕರೆ ಏರಿಸು, ಈಗ ಬೇಡದ ಖರ್ಚನ್ನು ಮುಂದೂಡು. ಬೆಳೆಯುವುದು, ಬೆದೆಗೆ ಬರುವುದು, ಸೋಂಕಿನ ವಿರುದ್ಧ ಸೈನ್ಯ ಕಟ್ಟುವುದು ಎಲ್ಲ ಆ ಖರ್ಚಿನ ಪಟ್ಟಿಯಲ್ಲಿವೆ.

ಈ ಮಾಲಕನ ಸನ್ನೆಯನ್ನು ಹಿಡಿಯಲು ವಿಜ್ಞಾನಿಗಳು ಪಟ್ಟ ಪಾಡು ಕಡಿಮೆಯಲ್ಲ. ಅದು ಇರುವುದು ಕೂದಲೆಳೆಯಷ್ಟು. ಲಕ್ಷಗಟ್ಟಲೆ ಕುರಿಗಳ ಮೆದುಳಿನ ಚೂರು ಸೇರಿಸಿ ಸೋಸಿ, 1981ರಲ್ಲಿ ಅಮೆರಿಕದ ವೈಲಿ ವೇಲ್ ತಂಡ ಅದರ ರಚನೆ ಬಿಡಿಸಿತು. 41 ಅಮೈನೋ ಆಮ್ಲಗಳ ಒಂದು ಸಣ್ಣ ಸರ. ದೇವನಾರ್ ಕಸಾಯಿಖಾನೆ ದಾಟುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ಒಂದು ಹನಿ ಸನ್ನೆಗೆ ಎಷ್ಟು ಹಿಂಡು!

ಹೋಟೆಲಿನ ಉಪಮೆಯಲ್ಲಿ ಮುಖ್ಯ ಭಾಗ ಇನ್ನೂ ಬಂದಿಲ್ಲ. ಟೇಬಲ್ ತುಂಬಿದ್ದು ಕಂಡರೆ ಮಾಲಕ "ಬಸ್, ಸಾಕು" ಎಂದು ಕೈ ಎತ್ತುತ್ತಾನೆ. ಕಾರ್ಟಿಸಾಲ್ ಕೂಡ ರಕ್ತದಲ್ಲಿ ತಿರುಗಿ ಹೈಪೋಥಲಾಮಸ್‌ಗೂ ಪಿಟ್ಯುಟರಿಗೂ ಹೋಗಿ ತನ್ನ ಆರ್ಡರನ್ನು ತಾನೇ ನಿಲ್ಲಿಸುತ್ತದೆ. ಆರೋಗ್ಯವಂತ ಪ್ರಾಣಿ ಎಂದರೆ ಒತ್ತಡ ಇಲ್ಲದ ಪ್ರಾಣಿ ಅಂತಲ್ಲ. ಏರಿದ್ದು ಬೇಗ ಇಳಿಯುವ ಪ್ರಾಣಿ. ಗುಡುಗಿಗೆ ಹೆದರುವ ಸಾಕುನಾಯಿಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಅಳೆದಾಗ ಅದು ಜೋರಾಗಿ ಏರಿದ್ದು ಕಂಡಿತು, 2005ರ ಕೆಲಸ ಅದು. ಮನೆಯಲ್ಲಿ ಜೊತೆಗೆ ಬೇರೆ ನಾಯಿಗಳಿದ್ದರೆ ಬೇಗ ಇಳಿಯಿತು. ದೀಪಾವಳಿ ರಾತ್ರಿ ನಮ್ಮ ಸೊಸೈಟಿಯ ಬೀದಿನಾಯಿಗಳು ಪಾರ್ಕ್ ಮಾಡಿದ ರಿಕ್ಷಾದ ಕೆಳಗೆ ಒಂದರ ಮೇಲೊಂದು ಬಿದ್ದುಕೊಂಡಿರುವುದನ್ನು ನೋಡಿದಾಗ ಇದು ನೆನಪಾಗುತ್ತದೆ.

ತೊಗಟೆಯ ಹಾರ್ಮೋನು ನಿಧಾನವಾಗಿ ಏರುವುದರಿಂದ ಒಂದು ಲಾಭವೂ ಇದೆ. ಕಾಡಿನಲ್ಲಿ ಹಕ್ಕಿ ಹಿಡಿದು ರಕ್ತ ತೆಗೆಯುವವರು ಮೂರು ನಿಮಿಷದೊಳಗೆ ಕೆಲಸ ಮುಗಿಸಲು ನೋಡುತ್ತಾರೆ. ಅಷ್ಟರೊಳಗೆ ತೆಗೆದರೆ ಸಿಗುವುದು ಹಕ್ಕಿಯ ಮಾಮೂಲಿ ಹಾರ್ಮೋನು. ತಡವಾದರೆ ನಮ್ಮ ಕೈಗೆ ಸಿಕ್ಕ ಗಾಬರಿಯೂ ಅದರಲ್ಲಿ ಸೇರಿಬಿಡುತ್ತದೆ. ಇನ್ನು ಹೊತ್ತಿನ ಲೆಕ್ಕ. ನಮ್ಮಲ್ಲಿ ಕಾರ್ಟಿಸಾಲ್ ಬೆಳಿಗ್ಗೆ ಏರಿರುತ್ತದೆ. ಇಲಿಗೆ ನೈಟ್ ಶಿಫ್ಟ್, ಅದಕ್ಕೆ ಸಂಜೆ ಏರುತ್ತದೆ. ಇದನ್ನು ಮರೆತು ಬೆಳಿಗ್ಗೆ ಒಂದು ಇಲಿ, ಸಂಜೆ ಒಂದು ಇಲಿ ಅಳೆದು ತಲೆಬಿಸಿ ಮಾಡಿಕೊಂಡ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ.

ಏರಿದ್ದು ಇಳಿಯದಿದ್ದರೆ ಏನಾಗುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು ಒಂದು ಎಡವಟ್ಟಿನಿಂದ. ಹಾನ್ಸ್ ಸೆಲ್ಯೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೊಸ ಹಾರ್ಮೋನು ಹುಡುಕುತ್ತಿದ್ದ ಯುವಕ. ಅಂಡಾಶಯದಿಂದ ತೆಗೆದ ರಸವನ್ನು ಇಲಿಗಳಿಗೆ ಚುಚ್ಚುತ್ತಿದ್ದ. ಕೊಯ್ದು ನೋಡಿದರೆ ಮೂರು ಬದಲಾವಣೆ ಕಂಡವು. ಅಡ್ರಿನಲ್ ಊದಿತ್ತು. ಎದೆಯಲ್ಲಿರುವ ಥೈಮಸ್ ಗ್ರಂಥಿ ಸಣ್ಣದಾಗಿತ್ತು. ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಹೊಸ ಹಾರ್ಮೋನು ಸಿಕ್ಕೇಬಿಟ್ಟಿತು ಎಂದು ಕುಣಿದ. ಆದರೆ ಬೇರೆ ಅಂಗದ ರಸ ಚುಚ್ಚಿದರೂ ಅದೇ ಮೂರು. ಫಾರ್ಮಾಲಿನ್ ಚುಚ್ಚಿದರೂ ಅದೇ ಮೂರು. ಪಾಪ, ಅವನ ಕನಸೆಲ್ಲ ನೀರಿಗೆ ಬಿತ್ತು.

ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಸೆಲ್ಯೆ ಪ್ರಶ್ನೆಯನ್ನು ತಿರುಗಿಸಿ ಹಿಡಿದ. ಏನು ಮಾಡಿದರೂ ಮೈ ಒಂದೇ ಉತ್ತರ ಕೊಡುತ್ತಿದೆ ಎಂದರೆ, ಆ ಉತ್ತರವೇ ಒಂದು ಸುದ್ದಿ ಅಲ್ವಾ? ಇಲಿಗಳನ್ನು ಚಳಿಯಲ್ಲಿಟ್ಟ, ವಿಪರೀತ ಓಡಿಸಿದ, ಗಾಯ ಮಾಡಿದ, ವಿಷದ ಮದ್ದು ಕೊಟ್ಟ. ಎಲ್ಲದಕ್ಕೂ ಅದೇ ಮೂರು. 1936ರ ಜುಲೈ 4ರಂದು 'ನೇಚರ್' ಪತ್ರಿಕೆಯಲ್ಲಿ ಒಂದು ಪುಟವೂ ತುಂಬದ ಪತ್ರವಾಗಿ ಅದು ಅಚ್ಚಾಯಿತು. ಇಂದು ನಾವು ಬಾಯಿಗೆ ಬಂದ ಹಾಗೆ ಬಳಸುವ 'ಸ್ಟ್ರೆಸ್' ಎಂಬ ಮಾತಿಗೆ ಮೈಯೊಳಗಿನ ಅರ್ಥ ಬಂದದ್ದು ಈ ದಾರಿಯಲ್ಲಿ.

ಆ ಮೂರರಲ್ಲಿ ಮೊದಲ ಎರಡನ್ನು ಹೋಟೆಲಿನ ಭಾಷೆಯಲ್ಲಿ ಹೇಳಬಹುದು. ದಿನವಿಡೀ ಆರ್ಡರ್ ನಿಲ್ಲದಿದ್ದರೆ ಮಾಲಕ ಭಟ್ಟಿ ದೊಡ್ಡದು ಮಾಡುತ್ತಾನೆ. ಅಡ್ರಿನಲ್ ಊದುವುದು ಅದಕ್ಕೇ. ಇಲಿಯ ಒಂದು ಅಡ್ರಿನಲ್ ಸುಮಾರು ಒಂದು ಅಕ್ಕಿಕಾಳಿನ ತೂಕ. ಅದು ಸ್ವಲ್ಪ ದಪ್ಪವಾದರೂ ಸೂಕ್ಷ್ಮ ತಕ್ಕಡಿಯಲ್ಲಿ ಗೊತ್ತಾಗುತ್ತದೆ. ಭಟ್ಟಿಗೆ ಜನ ಸಾಲದೆ ಬೇರೆ ಕೌಂಟರಿನವರನ್ನು ಒಳಗೆ ಕರೆದರೆ ಆ ಕೌಂಟರು ಬಾಗಿಲು ಹಾಕುತ್ತದೆ. ಥೈಮಸ್ ಸಣ್ಣದಾಗುವುದು ಅದು. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ತರಬೇತಿ ಪಡೆಯುವುದು ಅಲ್ಲಿ. ಕಾರ್ಟಿಸಾಲ್ ಬಹಳ ದಿನ ಏರಿದ್ದರೆ ಆ ಕಣಗಳು ಸಾಯುತ್ತವೆ.

ಮುಂಬೈಯಲ್ಲಿ ಒತ್ತಡದ ಹಾರ್ಮೋನಿನ ಪಾಠವನ್ನು ಪುಸ್ತಕಕ್ಕಿಂತ ಮೊದಲು ಕಲಿತವರು ತಬೇಲಾದ, ಅಂದರೆ ಹಾಲಿನ ಕೊಟ್ಟಿಗೆಯ, ಭೈಯಾಗಳು. ಜೋಗೇಶ್ವರಿ, ಗೋರೆಗಾಂವ್ ಕಡೆ ಈಗಲೂ ಎಮ್ಮೆ ತಬೇಲಾಗಳಿವೆ. ನಗರದೊಳಗಿನ ಎಮ್ಮೆಗಳನ್ನು ಹೊರಗೆ ಸಾಗಿಸಲೆಂದೇ 1949ರಲ್ಲಿ ಆರೇ ಮಿಲ್ಕ್ ಕಾಲೊನಿ ಶುರುವಾಗಿತ್ತು. ಹಾಲು ಕರೆಯುವ ಹೊತ್ತಿಗೆ ನೀವು ಹೋಗಿ ಮೊಬೈಲಿನಲ್ಲಿ ಜೋರಾಗಿ ಮಾತಾಡಿದರೆ ಬೈಸಿಕೊಳ್ಳುತ್ತೀರಿ. ಹೊಸಬರು ಬಂದರೆ ಎಮ್ಮೆ ಸೊರೆ ಬಿಡುವುದಿಲ್ಲ ಎಂದು ನಮ್ಮ ಊರಿನ ಅಜ್ಜಿಯಂದಿರೂ ಹೇಳುತ್ತಿದ್ದರಲ್ಲ, ಅದೇ.

ಸೊರೆ ಬಿಡುವುದು ಪಿಟ್ಯುಟರಿಯ ಕೆಲಸ. ಕರು ಮೂತಿ ಇಟ್ಟರೆ ಅಥವಾ ಕೈ ತಾಗಿದರೆ ಪಿಟ್ಯುಟರಿಯ ಹಿಂಭಾಗದಿಂದ ಆಕ್ಸಿಟೋಸಿನ್ ಹೊರಡುತ್ತದೆ. ಅದು ಕೆಚ್ಚಲಿನ ಒಳಗಿನ ಸಣ್ಣ ಚೀಲಗಳನ್ನು ಹಿಂಡುತ್ತದೆ. ಎಮ್ಮೆಯಲ್ಲಿ ಬಹುಪಾಲು ಹಾಲು ಇರುವುದು ಆ ಚೀಲಗಳಲ್ಲೇ, ಮೊಲೆಯ ಮೇಲಿನ ಟಾಂಕಿಯಲ್ಲಿ ಇರುವುದು ತುಂಬ ಕಡಿಮೆ. ಆಕ್ಸಿಟೋಸಿನ್ ಬರದಿದ್ದರೆ ಎಷ್ಟು ಎಳೆದರೂ ಅಷ್ಟೇ. 1941ರಲ್ಲಿ ಈಲಿ ಮತ್ತು ಪೀಟರ್ಸನ್ ಎಂಬ ಇಬ್ಬರು ಇದನ್ನು ಪರೀಕ್ಷಿಸಿದ ರೀತಿ ಕೇಳಿದರೆ ನಗು ಬರುತ್ತದೆ. ಹಾಲು ಕರೆಯುವ ಮೊದಲು ದನದ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿದರು, ಪಕ್ಕದಲ್ಲಿ ಕಾಗದದ ಚೀಲ ಊದಿ ಫಟ್ ಎಂದು ಒಡೆದರು. ಹಾಲು ಇಳಿಯಲಿಲ್ಲ. ಹೆದರಿಸದೆ ಬರೀ ಅಡ್ರಿನಲಿನ್ ಚುಚ್ಚಿದರು. ಆಗಲೂ ಇಳಿಯಲಿಲ್ಲ. ಕೆಚ್ಚಲು ತುಂಬಿತ್ತು, ಹಾಲೂ ಇತ್ತು, ಬೀಗ ಮಾತ್ರ ಅಡ್ರಿನಲ್ ಕೈಯಲ್ಲಿತ್ತು. ಸುಮ್ಮನಿರಿಸಿ ಕರೆಯುವ ತಾಳ್ಮೆ ಇಲ್ಲದವರು ಆಕ್ಸಿಟೋಸಿನ್ ಇಂಜೆಕ್ಷನ್ ಚುಚ್ಚುವ ಕೆಟ್ಟ ಅಭ್ಯಾಸ ಇದರ ಇನ್ನೊಂದು ಮುಖ.

ಮರಿ ಮಾಡುವ ಗ್ರಂಥಿಗಳೂ ಇದೇ ಬೀಗಕ್ಕೆ ಸಿಗುತ್ತವೆ. ಉತ್ತರ ಅಮೆರಿಕದ ಹಿಮಮೊಲಗಳ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಲಿಂಕ್ಸ್ ಎಂಬ ಕಾಡುಬೆಕ್ಕು ಹೆಚ್ಚಾದ ವರ್ಷಗಳಲ್ಲಿ ತಿನ್ನಿಸಿಕೊಳ್ಳದೆ ಉಳಿದ ಬಸುರಿ ಮೊಲಗಳಲ್ಲೂ ಕಾರ್ಟಿಸಾಲ್ ಜಾಸ್ತಿ, ಮರಿಗಳು ಕಡಿಮೆ, ಹುಟ್ಟಿದವೂ ಸಣ್ಣವು. ಬೆಕ್ಕು ಮುಟ್ಟದೆಯೇ ಮೊಲದ ಸಂತತಿ ಕುಗ್ಗಿತು.

ಆದರೆ ಈ ಹಾರ್ಮೋನನ್ನು ವಿಲನ್ ಮಾಡಿ ಮುಗಿಸಬೇಡಿ. ಮಳೆಗಾಲದಲ್ಲಿ ಬೊರಿವಲಿ ಕಾಡಿನ ಹೊಂಡಗಳಲ್ಲಿ ಗೊದಮೊಟ್ಟೆ ತುಂಬಿರುತ್ತವಲ್ಲ, ಮಳೆ ಕೈಕೊಟ್ಟು ಹೊಂಡ ಒಣಗತೊಡಗಿದರೆ ಅವು ಏನು ಮಾಡಬೇಕು? ಅಮೆರಿಕದ ಒಣ ಪ್ರದೇಶದ ಒಂದು ಜಾತಿಯ ಕಪ್ಪೆಯಲ್ಲಿ ರಾಬರ್ಟ್ ಡೆನ್ವರ್ ಇದನ್ನು 1990ರ ದಶಕದಲ್ಲಿ ಬಿಡಿಸಿದ. ನೀರು ಇಳಿದರೆ ಗೊದಮೊಟ್ಟೆಯ ಮೆದುಳಿನಲ್ಲಿ ಅದೇ ಸಿಆರ್‌ಎಚ್ ಏರುತ್ತದೆ. ಕಪ್ಪೆಗಳಲ್ಲಿ ಈ ಸನ್ನೆ ಅಡ್ರಿನಲ್ ಕೆಲಸದ ಜೊತೆಗೆ ಥೈರಾಯ್ಡನ್ನೂ ಎಬ್ಬಿಸುತ್ತದೆ. ಬಾಲ ಕರಗಿಸಿ ಕಾಲು ಬೆಳೆಸುವುದು ಥೈರಾಯ್ಡ್ ಹಾರ್ಮೋನು. ಹಾಗಾಗಿ ಗೊದಮೊಟ್ಟೆ ಗಡಿಬಿಡಿಯಲ್ಲಿ ಕಪ್ಪೆಯಾಗಿ ಹೊಂಡ ಬಿಟ್ಟು ಹಾರುತ್ತದೆ. ಗಾತ್ರ ಸಣ್ಣದು, ಜೀವ ಉಳಿಯಿತು. ಒತ್ತಡದ ಹಾರ್ಮೋನು ಮೂಲತಃ ಇಂಥ ಕೆಲಸಕ್ಕೇ ಇರುವುದು.

ತಿಮಿಂಗಿಲದ ಕತೆ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆಲವು ದಿನ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಓಡಾಟ ಕಡಿಮೆಯಾಯಿತು. ನೀರಿನ ಅಡಿಯ ಸದ್ದು 6 ಡೆಸಿಬೆಲ್ ಇಳಿಯಿತು. ಅಲ್ಲಿ ತೇಲುವ ತಿಮಿಂಗಿಲದ ಹಿಕ್ಕೆ ಸಂಗ್ರಹಿಸುತ್ತಿದ್ದ ತಂಡವೊಂದಿತ್ತು. ಆ ದಿನಗಳ ಹಿಕ್ಕೆಯಲ್ಲಿ ಒತ್ತಡದ ಹಾರ್ಮೋನಿನ ಅಂಶವೂ ಇಳಿದಿತ್ತು. ಬೇರೆ ವರ್ಷಗಳ ಅದೇ ಹೊತ್ತಿನಲ್ಲಿ ಹಾಗೆ ಇಳಿದಿರಲಿಲ್ಲ. ಹಿಕ್ಕೆಯಿಂದ ಹಾರ್ಮೋನು ಅಳೆಯುವ ಈ ವಿದ್ಯೆ ನಮ್ಮಲ್ಲೂ ಇದೆ. ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯ ಹುಲಿಗಳ ಹಿಕ್ಕೆಯಲ್ಲಿ ಇದನ್ನು ಅಳೆಯುತ್ತದೆ. ಹುಲಿಗೆ ಸೂಜಿ ಚುಚ್ಚಿ ಮೂರು ನಿಮಿಷದಲ್ಲಿ ರಕ್ತ ತೆಗೆಯುತ್ತೇನೆ ಎನ್ನುವವರು ಯಾರೂ ಸಿಗಲಿಲ್ಲ ಅನ್ನಿಸುತ್ತದೆ.

ಸರಿ, ಈಗ ಬಾಟಲಿಗೆ ಬರೋಣ.

ಇಲಿಗೆ ಕುಡಿಸುವುದು ಸುಲಭ ಅಂದುಕೊಂಡಿದ್ದರೆ ತಪ್ಪು. ಪಕ್ಕದಲ್ಲಿ ಬರೀ ನೀರು ಇಟ್ಟರೆ ಹೆಚ್ಚಿನ ಇಲಿಗಳು ಘಾಟು ಮದ್ಯದ ಕಡೆ ಮೂತಿ ತಿರುಗಿಸುತ್ತವೆ. ಅದಕ್ಕೇ 1960ರ ದಶಕದಲ್ಲಿ ಚಾರ್ಲ್ಸ್ ಲೀಬರ್ ಮತ್ತು ಲಿಯೊನೋರ್ ಡಿಕಾರ್ಲಿ ಒಂದು ಉಪಾಯ ಮಾಡಿದರು. ಇಡೀ ಊಟವನ್ನೇ ಗಂಜಿಯಂತೆ ದ್ರವ ಮಾಡಿ, ಅದರ ಕ್ಯಾಲೊರಿಯಲ್ಲಿ ಶೇ. 36ರಷ್ಟು ಮದ್ಯದಿಂದಲೇ ಬರುವಂತೆ ಮಾಡಿದರು. ಹಸಿದ ಇಲಿಗೆ ಬೇರೆ ದಾರಿ ಇಲ್ಲ. ಇದರ ಜೋಡಿ ಇಲಿಗೆ ಅಷ್ಟೇ ಕ್ಯಾಲೊರಿಯ ಗಂಜಿ, ಮದ್ಯದ ಬದಲು ಸಕ್ಕರೆಯ ಜಾತಿಯ ಪದಾರ್ಥ. ಈ ಜೋಡಿ ಬಹಳ ಮುಖ್ಯ. ಕುಡಿಯುವ ಪ್ರಾಣಿ ಸರಿಯಾಗಿ ತಿನ್ನುವುದಿಲ್ಲ. ಗ್ರಂಥಿ ಕೆಟ್ಟದ್ದು ಮದ್ಯದಿಂದಲೋ ಹಸಿವಿನಿಂದಲೋ ಎಂದು ತಿಳಿಯಲು ಬೇರೆ ಉಪಾಯವಿಲ್ಲ.

ಅಡ್ರಿನಲ್ ಸುದ್ದಿ ಇದಕ್ಕಿಂತಲೂ ಹಳೆಯದು. ಅಡ್ರಿನಲ್‌ನಲ್ಲಿ ವಿಟಮಿನ್ ಸಿ ಮತ್ತು ಕೊಲೆಸ್ಟ್ರಾಲ್ ತುಂಬಿರುತ್ತವೆ. ಕೊಲೆಸ್ಟ್ರಾಲ್ ಅದರ ಕಚ್ಚಾ ಮಾಲು. ಗ್ರಂಥಿ ಜೋರಾಗಿ ಕೆಲಸ ಮಾಡಿದರೆ ಎರಡೂ ಇಳಿಯುತ್ತವೆ. ಹಾರ್ಮೋನನ್ನು ನೇರ ಅಳೆಯುವುದು ಕಷ್ಟವಿದ್ದ ಕಾಲದಲ್ಲಿ, ಡಬ್ಬಿಯಲ್ಲಿ ಎಷ್ಟು ಹಿಟ್ಟು ಉಳಿದಿದೆ ಎಂದು ನೋಡಿ ಎಷ್ಟು ದೋಸೆ ಹೋಯಿತು ಎಂದು ಲೆಕ್ಕ ಹಾಕಿದ ಹಾಗೆ, ಇದನ್ನೇ ಅಳೆಯುತ್ತಿದ್ದರು. 1951ರಲ್ಲಿ ಫೋರ್ಬ್ಸ್ ಮತ್ತು ಡಂಕನ್ ಇಲಿ ಮತ್ತು ಗಿನಿಪಿಗ್‌ಗಳಿಗೆ ಅಮಲೇರುವಷ್ಟು ಮದ್ಯ ಕೊಟ್ಟು ನೋಡಿದರು. ಡಬ್ಬಿ ಇಳಿದಿತ್ತು. 1966ರಲ್ಲಿ ಎಲ್ಲಿಸ್ ಎಂಬಾತ ರಕ್ತದಲ್ಲೇ ಕಾರ್ಟಿಕೋಸ್ಟೆರೋನ್ ಅಳೆದ. ಮದ್ಯ ಕೊಟ್ಟ ಇಲಿಯಲ್ಲಿ ಅದು ಏರಿತ್ತು. ಪಿಟ್ಯುಟರಿ ತೆಗೆದ ಇಲಿಗೆ ಮದ್ಯ ಕೊಟ್ಟರೆ ಏರಲಿಲ್ಲ.

ಈ ಕೊನೆಯ ಸಾಲಿನ ಮೇಲೆ ಸ್ವಲ್ಪ ನಿಲ್ಲಿ. ಕ್ಯಾಪ್ಟನ್ ಇಲ್ಲದಿದ್ದರೆ ಭಟ್ಟಿ ಹತ್ತಲಿಲ್ಲ. ಅಂದರೆ ಮದ್ಯ ಭಟ್ಟಿಗೆ ಹೋಗಿ ಬೆಂಕಿ ಹಚ್ಚುತ್ತಿಲ್ಲ, ಮೇಲಿನಿಂದ ಆರ್ಡರ್ ಕೊಡಿಸುತ್ತಿದೆ. ಸಿಆರ್‌ಎಚ್ ಗೊತ್ತಾದ ಮೇಲೆ ಕ್ಯಾಥರೀನ್ ರಿವಿಯೆ ಇನ್ನೂ ಒಂದು ಮೆಟ್ಟಿಲು ಹತ್ತಿದಳು. ಸಿಆರ್‌ಎಚ್ ಅನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯ ಕೊಟ್ಟರೆ ಇಲಿಯಲ್ಲಿ ಮದ್ಯದ ಈ ಪರಿಣಾಮ ಬಹಳ ತಗ್ಗಿತು. ಮಾಲಕನ ಹುಬ್ಬನ್ನೇ ಮದ್ಯ ಏರಿಸುತ್ತಿತ್ತು. ಮೇಲೆ ಮನಸ್ಸಿಗೆ ಹಗುರ ಅನ್ನಿಸುತ್ತಿರುವ ಹೊತ್ತಿನಲ್ಲೇ ಕೆಳಗೆ ಗ್ರಂಥಿಗಳಿಗೆ ಹುಲಿ ಬಂದ ಸುದ್ದಿ ಹೋಗುತ್ತಿರುತ್ತದೆ.

ದಿನಾ ಕುಡಿಸಿದರೆ ಇನ್ನೊಂದು ವಿಚಿತ್ರ ಆಗುತ್ತದೆ. ಅಡ್ರಿನಲ್ ದಪ್ಪವಾಗುತ್ತದೆ, ಆದರೆ ಮಾಲಕ-ಕ್ಯಾಪ್ಟನ್ ಜೋಡಿ ಮಂಕಾಗುತ್ತದೆ. ಈಗ ನಿಜವಾದ ಹೆದರಿಕೆ ಬಂದರೂ ಏರಬೇಕಾದಷ್ಟು ಏರುವುದಿಲ್ಲ. ಏರುವುದೂ ಕೆಟ್ಟಿತು, ಇಳಿಯುವುದೂ ಕೆಟ್ಟಿತು.

ಉಳಿದ ಗ್ರಂಥಿಗಳಲ್ಲಿ ಎಲ್ಲರಿಗೂ ಅನುಭವಕ್ಕೆ ಬರುವುದು ಪಿಟ್ಯುಟರಿಯ ಹಿಂಭಾಗ. ಮೂತ್ರವನ್ನು ತಡೆದು ನೀರು ಉಳಿಸುವ ವ್ಯಾಸೋಪ್ರೆಸಿನ್ ಅಲ್ಲಿಂದ ಬರುತ್ತದೆ. ಮದ್ಯ ಅದನ್ನು ಮುಚ್ಚುತ್ತದೆ. ಪರ್ಮಿಟ್ ರೂಮಿನಲ್ಲಿ ಎಂಟು ಟೇಬಲಿಗೆ ಒಂದೇ ಟಾಯ್ಲೆಟ್ ಇಟ್ಟು ಮಾವ ಅನುಭವಿಸಿದ ಗಲಾಟೆಯ ಮೂಲ ಕಾರಣ ಇದು. ಹಾಲು ಇಳಿಸುವ ಆಕ್ಸಿಟೋಸಿನ್ ಕೂಡ ಅದೇ ಬಾಗಿಲಿನಿಂದ ಬರುತ್ತದೆ, ಮದ್ಯ ಅದಕ್ಕೂ ಅಡ್ಡ ನಿಲ್ಲುತ್ತದೆ. ಬಾಣಂತಿಗೆ ಸ್ವಲ್ಪ ಕೊಟ್ಟರೆ ಹಾಲು ಹೆಚ್ಚುತ್ತದೆ ಎಂದು ಹೇಳುವವರು ಹಲವು ದೇಶಗಳಲ್ಲಿದ್ದಾರೆ. ಗ್ರಂಥಿಗಳು ಅದನ್ನು ಒಪ್ಪುವುದಿಲ್ಲ.

ವೃಷಣಕ್ಕೆ ಬೀಳುವ ಪೆಟ್ಟು ಎರಡು ಕಡೆಯಿಂದ. ಮೇಲಿನಿಂದ ಪಿಟ್ಯುಟರಿಯ ಆಜ್ಞೆ ತಗ್ಗುತ್ತದೆ. ಕೆಳಗೆ ಟೆಸ್ಟೋಸ್ಟೆರೋನ್ ಮಾಡುವ ಕೋಶಗಳಿಗೇ ವಿಷ. ಮದ್ಯವನ್ನು ಕರಗಿಸಲು ಎನ್‌ಎಡಿ ಎಂಬ ಸಹಾಯಕ ಅಣು ಬೇಕು. ಟೆಸ್ಟೋಸ್ಟೆರೋನ್ ಕಟ್ಟಲೂ ಅದೇ ಬೇಕು. ಇರುವ ಒಂದು ಸೌಟಿಗೆ ಇಬ್ಬರು ಅಡುಗೆಯವರು ಜಗಳವಾಡಿದ ಹಾಗೆ. ಮದ್ಯ ಕರಗುವಾಗ ಹುಟ್ಟುವ ಅಸೆಟಾಲ್ಡಿಹೈಡ್ ಬೇರೆ ಆ ಕೋಶಗಳನ್ನು ಸುಡುತ್ತದೆ. 1975ರಲ್ಲಿ ಡೇವಿಡ್ ವ್ಯಾನ್ ಥೀಲ್ ತಂಡ ಮೇಲೆ ಹೇಳಿದ ಗಂಜಿಯನ್ನೇ ಗಂಡು ಇಲಿಗಳಿಗೆ ಕೊಟ್ಟಿತು. ಜೋಡಿ ಇಲಿಗಳಿಗೆ ಹೋಲಿಸಿದರೆ ಅವುಗಳ ವೃಷಣ ಸಣ್ಣದಾಗಿ ಹೋಗಿದ್ದವು. ಹೆಣ್ಣುಗಳ ಕತೆ 1983ರದ್ದು. ನ್ಯಾನ್ಸಿ ಮೆಲ್ಲೊ ತಂಡದ ಹೆಣ್ಣು ಮಕಾಕ್ ಕೋತಿಗಳು ತಾವೇ ಗುಂಡಿ ಒತ್ತಿ ಮದ್ಯ ತೆಗೆದುಕೊಳ್ಳುತ್ತಿದ್ದವು. ಹೆಚ್ಚು ತೆಗೆದುಕೊಂಡವುಗಳ ಮುಟ್ಟು ನಿಂತಿತು. ಕೋತಿಗಳಿಗೂ ನಮ್ಮಂತೆ ತಿಂಗಳ ಮುಟ್ಟು ಇರುವುದರಿಂದ ಈ ಕೆಲಸಕ್ಕೆ ಇಲಿಗಿಂತ ತೂಕ ಹೆಚ್ಚು.

ಥೈರಾಯ್ಡ್ ಬಗ್ಗೆ ಒಂದೇ ಮಾತು. ಬಹಳ ಕಾಲದ ಕುಡಿತ ಅದರ ಹಾರ್ಮೋನನ್ನೂ ತಗ್ಗಿಸುತ್ತದೆ, ಗ್ರಂಥಿಯನ್ನೂ ಕಿರಿದಾಗಿಸುತ್ತದೆ.

ಇನ್ನು ಮೇದೋಜೀರಕ ಗ್ರಂಥಿಯ ಸಕ್ಕರೆ ಲೆಕ್ಕ. ಇದಕ್ಕೆ ಬಾಟಲಿಯೂ ಬೇಡ, ಪಾವ್ ಬ್ರೆಡ್ಡಿನ ಹಿಟ್ಟು ಸಾಕು. ಯೀಸ್ಟ್ ಹಾಕಿ ಉಬ್ಬಲು ಇಟ್ಟ ಹಸಿ ಹಿಟ್ಟನ್ನು ನಾಯಿ ಕದ್ದು ತಿಂದರೆ ಹೊಟ್ಟೆಯ ಬಿಸಿಗೆ ಅದು ಇನ್ನೂ ಉಬ್ಬುತ್ತದೆ, ಮದ್ಯವೂ ತಯಾರಾಗುತ್ತದೆ. ನಾಯಿ ತೂರಾಡುತ್ತದೆ. ಲಿವರ್ ಮದ್ಯ ಕರಗಿಸುವುದರಲ್ಲಿ ಮುಳುಗಿ ಹೊಸ ಸಕ್ಕರೆ ಮಾಡುವುದನ್ನು ನಿಲ್ಲಿಸುತ್ತದೆ. ಸಕ್ಕರೆ ಏರಿಸು ಎಂದು ಮೇದೋಜೀರಕದ ಹಾರ್ಮೋನು ಗ್ಲುಕಗಾನ್ ಎಷ್ಟು ಕೂಗಿದರೂ ಕೇಳುವವರಿಲ್ಲ. ಪಾವ್ ಬೇಕರಿಗಳ ಮುಂಬೈ, ಗೋವಾದಲ್ಲಿ ನಾಯಿ ಸಾಕುವವರು ಇದನ್ನು ತಿಳಿದಿರುವುದು ಒಳ್ಳೆಯದು. ನಗುವ ವಿಷಯ ಅಲ್ಲ, ಕೂಡಲೇ ಪಶುವೈದ್ಯರ ಹತ್ತಿರ ಓಡಬೇಕು.

ಒತ್ತಡ ಮತ್ತು ಮದ್ಯ ಎರಡೂ ಒಂದೇ ಗಂಟೆ ಬಾರಿಸುತ್ತವೆ ಎಂದರೆ, ಒಂದು ಇನ್ನೊಂದನ್ನು ಕರೆಯುತ್ತದೆಯೇ? ಸ್ವೀಡನ್ನಿನ ಕ್ಲಾಡಿಯಾ ಫಾಲ್ಕೆ 1990ರ ದಶಕದಲ್ಲಿ ಮಾಡಿದ ಕೆಲಸ ನನಗೆ ಇಡೀ ಕತೆಯಲ್ಲಿ ಬಹಳ ಇಷ್ಟ. ನೀರು, ಮದ್ಯ ಎರಡೂ ಇಟ್ಟು, ಇಲಿ ತಾನಾಗಿ ಎಷ್ಟು ಮದ್ಯ ಕುಡಿಯುತ್ತದೆ ಎಂದು ನೋಡಿದಳು. ಆಮೇಲೆ ಅಡ್ರಿನಲ್ ತೆಗೆದಳು. ಇಲಿ ಕುಡಿಯುವುದು ಕಡಿಮೆಯಾಯಿತು. ಮತ್ತೆ ಹೊರಗಿನಿಂದ ಕಾರ್ಟಿಕೋಸ್ಟೆರೋನ್ ಕೊಟ್ಟಳು. ಕುಡಿತ ವಾಪಸ್ ಬಂತು! ಮದ್ಯ ಹಾರ್ಮೋನನ್ನು ಏರಿಸುತ್ತದೆ, ಹಾರ್ಮೋನು ಮದ್ಯವನ್ನು ಕೇಳುತ್ತದೆ.

ಬಿಡುವ ಹೊತ್ತಿನಲ್ಲಿ ಇನ್ನೂ ಕಷ್ಟ. ಬಹಳ ದಿನ ಕುಡಿಸಿ ಥಟ್ಟನೆ ನಿಲ್ಲಿಸಿದ ಇಲಿಗಳ ಮೆದುಳಿನಲ್ಲಿ, ಭಯದ ಕೇಂದ್ರವಾದ ಅಮಿಗ್ಡಲದ ಒಳಗೆ ಅದೇ ಸಿಆರ್‌ಎಚ್ ಉಕ್ಕುತ್ತದೆ. ಹುಲಿ ಇಲ್ಲ, ಬೆಕ್ಕಿಲ್ಲ, ಆದರೂ ಇಲಿ ಮೂಲೆ ಹಿಡಿದು ನಡುಗುತ್ತದೆ. ಒಂದು ಗುಟುಕು ಕೊಟ್ಟರೆ ಶಾಂತ. ಮಾವನ ಗಿರಾಕಿಗಳು ಹೇಳುವ "ಕುಡಿದರೆ ಟೆನ್ಶನ್ ಇಳಿಯುತ್ತದೆ" ಎಂಬ ಮಾತು ಪೂರ್ತಿ ಸುಳ್ಳೂ ಅಲ್ಲ. ಇಳಿಯುವುದು ನಿನ್ನೆಯ ಕ್ವಾರ್ಟರ್ ಹುಟ್ಟಿಸಿದ ಟೆನ್ಶನ್.

ಇಲ್ಲಿ ಒಂದು ಬ್ರೇಕ್ ಹಾಕಬೇಕು. ಇಲಿ ಮನುಷ್ಯನಲ್ಲ. ಅದು ಮದ್ಯವನ್ನು ನಮಗಿಂತ ಬೇಗ ಕರಗಿಸುತ್ತದೆ. ಪ್ರಯೋಗದಲ್ಲಿ ಕೊಡುವ ಪ್ರಮಾಣ ಶನಿವಾರ ಸಂಜೆಯ ಒಂದು ಪೆಗ್ಗಿನದಲ್ಲ, ದಿನದ ಊಟದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಪ್ರಾಣಿಗಳಲ್ಲೂ ಎಲ್ಲವೂ ಒಂದೇ ಥರ ಅಲ್ಲ. ಮಲೇಷ್ಯಾದ ಕಾಡಿನಲ್ಲಿ ಅಳಿಲಿನಂಥ ಒಂದು ಪುಟ್ಟ ಪ್ರಾಣಿ ಇದೆ. ಹುಳಿತು ಮದ್ಯವಾದ ತಾಳೆಹೂವಿನ ರಸವನ್ನು ರಾತ್ರಿಯಿಡೀ ನೆಕ್ಕುತ್ತದೆ. ಆ ರಸದಲ್ಲಿ ಶೇ. 3.8ರವರೆಗೂ ಮದ್ಯ ಸಿಕ್ಕಿದೆ. ಅಮಲಿನ ಒಂದು ಲಕ್ಷಣವೂ ಅದರಲ್ಲಿ ಕಾಣಲಿಲ್ಲ. ಆದರೂ ಆರ್ಡರ್ ಸರಪಳಿಯ ಕಟ್ಟುವಿಕೆ ಇಲಿಯಲ್ಲೂ ನಮ್ಮಲ್ಲೂ ಒಂದೇ. ಅತಿಯಾಗಿ ಕುಡಿಯುವ ಕೆಲವರಲ್ಲಿ ಕಾರ್ಟಿಸಾಲ್ ಎಷ್ಟು ಏರುತ್ತದೆ ಎಂದರೆ, ಮುಖ ದುಂಡಗಾಗಿ ಹೊಟ್ಟೆ ಉಬ್ಬಿ, ಪಿಟ್ಯುಟರಿಯಲ್ಲಿ ಗೆಡ್ಡೆ ಆದವರ ಹಾಗೆಯೇ ಕಾಣುತ್ತಾರೆ. ಕುಡಿತ ಬಿಟ್ಟರೆ ಅದು ತಾನಾಗಿ ಇಳಿಯುತ್ತದೆ.

ಮಾವನಿಗೆ ಈಗ ಎಂಬತ್ತು ದಾಟಿದೆ. ಗಲ್ಲಾದಲ್ಲಿ ಮಗ ಕೂರುತ್ತಾನೆ. ಹೋದ ಗಣಪತಿ ಹಬ್ಬಕ್ಕೆ ಹೋದಾಗ ಫಾಲ್ಕೆಯ ಇಲಿಗಳ ಕತೆ ಹೇಳಿದೆ. ಅಡ್ರಿನಲ್ ತೆಗೆದರೆ ಕುಡಿಯುವುದು ಕಡಿಮೆಯಾಯಿತು ಎಂಬಲ್ಲಿಗೆ ಬಂದಾಗ ಮಾವ ಕೈಯಲ್ಲಿದ್ದ ಮೋದಕ ಕೆಳಗಿಟ್ಟರು.

"ಆ ಗೋಡಂಬಿ ತೆಗೆದ ಮೇಲಾ?"

"ಹೌದು ಮಾವ."

ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ಇದನ್ನು ಹೊರಗೆ ಹೇಳ್ಬೇಡ ಮಾರಾಯ. ಹುಡುಗನ ಧಂಧೆ ಹಾಳಾಗ್ತದೆ" ಅಂದರು.